ಕುರುಡುಮಲೆ ಕಡೆಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಹೊರಟವರಿಗೆ

ಬೆಂಗಳೂರಿನಿಂದ ಹಳೇ ಮದ್ರಾಸು ರಸ್ತೆ ಹಿಡಿದು ಕೋಲಾರ ದಾಟಿದರೆ ಮುಳಬಾಗಿಲು. ಒಟ್ಟು ಸುಮಾರು ನೂರು ಕಿಲೋಮೀಟರ್. ಅಲ್ಲಿಂದ ಕುರುಡುಮಲೆ ಇನ್ನೊಂದು ಹತ್ತು ಕಿಲೋಮೀಟರ್. ಏಕಶಿಲೆಯ ದೊಡ್ಡ ಗಣಪನನ್ನೂ ಸೋಮೇಶ್ವರ ದೇವಾಲಯವನ್ನೂ ನೋಡಲು ಬರುವವರೇ ಈ ಊರಿಗೆ ಹೆಚ್ಚು. ಆದರೆ ದೇವಾಲಯದ ಆಚೆಗಿರುವ ಸರ್ಕಾರಿ ಶಾಲೆಗಳತ್ತ ಕಣ್ಣಿಟ್ಟವರೂ ಇದ್ದಾರೆ. ವಾರಾಂತ್ಯದಲ್ಲಿ ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕೆನ್ನುವ ಐಟಿ ಉದ್ಯೋಗಿ, ಅಮೆರಿಕದಲ್ಲಿ ಬೆಳೆದು ರಜೆಗೆ ಅಜ್ಜಿ ಮನೆಗೆ ಬರುವ ಹುಡುಗಿ, ಬಡ ದೇಶವೊಂದರಲ್ಲಿ ಕೆಲವು ತಿಂಗಳು ಪಾಠ ಮಾಡಿ ಬರೋಣವೆಂದು ಹೊರಟ ವಿದೇಶಿ, ಬಿ.ಇಡಿ. ಮುಗಿಸಿ ಅತಿಥಿ ಶಿಕ್ಷಕಿಯ ಕೆಲಸಕ್ಕೆ ಕಾಯುತ್ತಿರುವ ಮುಳಬಾಗಿಲಿನದೇ ಪದವೀಧರೆ, ಹೀಗೆ ನಾನಾ ಬಗೆಯವರು. ಈ ಲೇಖನ ಅವರೆಲ್ಲರಿಗಾಗಿ. ಅನುಮತಿ ಯಾರ ಹತ್ತಿರ, ಯಾವ ತಿಂಗಳಲ್ಲಿ ಬರಬೇಕು, ಪಾಠಕ್ಕೆ ಏನು ಬೇಕು ಎಂಬುದನ್ನೆಲ್ಲ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ವಾದವಿದೆ, ಅದನ್ನು ಒಪ್ಪದವರಿಗೆ ಉಳಿದ ಸಲಹೆಗಳು ಹೆಚ್ಚು ಉಪಯೋಗಕ್ಕೆ ಬರಲಾರವು. ಈ ಸೀಮೆಯಲ್ಲಿ ಇಂಗ್ಲಿಷ್ ಕಲಿಸುವವರಿಗೆ ಚೊಕ್ಕ ಇಂಗ್ಲಿಷ್ ಮುಖ್ಯವೇ, ಆದರೆ ಮಗುವಿನ ಮನೆಮಾತೂ ಶಾಲೆಯ ಕನ್ನಡವೂ ಅದಕ್ಕಿಂತ ಮುಖ್ಯ. ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಕೂಡದು ಎಂಬ ನಿಯಮ ಇಲ್ಲಿ ಇಂಗ್ಲಿಷನ್ನೇ ಕೆಡಿಸುತ್ತದೆ.

ಮೊದಲು ಭಾಷೆಗಳ ಲೆಕ್ಕ ತಿಳಿಯಬೇಕು. ಆಂಧ್ರದ ಗಡಿ ಇಲ್ಲಿಂದ ಕೂಗಳತೆಯಲ್ಲಿದೆ. ನಂಗಲಿ ದಾಟಿದರೆ ಚಿತ್ತೂರು ಜಿಲ್ಲೆ. ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಮನೆಯ ಮಾತು ತೆಲುಗು. ಪಟ್ಟಣಗಳಲ್ಲಿ ಉರ್ದು ಮನೆಗಳಿವೆ, ಮಾಲೂರು ಮತ್ತು ಕೆಜಿಎಫ್ ಕಡೆಗೆ ಹೋದರೆ ತಮಿಳು. ಇಂಥ ಊರಿನಲ್ಲಿ ಒಂದನೇ ತರಗತಿಗೆ ಸೇರಿದ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ಅಕ್ಕಪಕ್ಕದವರಿಂದ ಕಿವಿಗೆ ಬಿದ್ದಿರುತ್ತದೆ, ಆದರೆ ಓದು ಬರಹವೆಲ್ಲ ಹೊಸದು. ಅದರ ಜೊತೆಗೇ ಇಂಗ್ಲಿಷ್ ಶುರುವಾಗುತ್ತದೆ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಮೊದಲು ಐದನೇ ತರಗತಿಯಿಂದ ಇದ್ದ ಇಂಗ್ಲಿಷ್, 2007-08ರಿಂದ ಒಂದನೇ ತರಗತಿಗೇ ಬಂತು. ಹಾಗಾಗಿ ಆರು ವರ್ಷದ ಮಗು ಎರಡು ಹೊಸ ಭಾಷೆಗಳನ್ನೂ ಎರಡು ಹೊಸ ಲಿಪಿಗಳನ್ನೂ ಒಟ್ಟಿಗೇ ಎದುರಿಸಬೇಕು. ಮುಂದೆ ಹಿಂದಿಯೂ ಬರುತ್ತದೆ. ಬೆಂಗಳೂರಿನ ಖಾಸಗಿ ಶಾಲೆಯ ಮಗುವಿಗೆ ಮನೆಯಲ್ಲಿ, ಅಂಗಡಿಯಲ್ಲಿ, ಟಿವಿಯಲ್ಲಿ ಇಂಗ್ಲಿಷ್ ಕೇಳಿಸುತ್ತಲೇ ಇರುತ್ತದೆ. ಅಂಥ ಮಗುವಿಗಾಗಿ ರೂಪಿಸಿದ ಪಾಠವನ್ನು ಇಲ್ಲಿಗೆ ತಂದು ಇಳಿಸಿದರೆ ನಡೆಯುವುದಿಲ್ಲ.

ಇಷ್ಟು ವರ್ಷಗಳ ಇಂಗ್ಲಿಷ್ ಪಾಠದಿಂದ ಏನಾಯಿತೆಂದು ಯಾರಾದರೂ ಕೇಳಿದರೆ ಉತ್ತರ ಸಂತೋಷದ್ದಲ್ಲ. ಗ್ರಾಮೀಣ ಮಕ್ಕಳ ಓದುವ ಶಕ್ತಿಯನ್ನು ಮನೆಮನೆಗೆ ಹೋಗಿ ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ, ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯವರ ಪೈಕಿ ಸರಳವಾದ ಇಂಗ್ಲಿಷ್ ವಾಕ್ಯ ಓದಬಲ್ಲವರು 2016ರಲ್ಲಿ ಶೇ 24.7, 2022ರಲ್ಲಿ ಶೇ 24.5. ಆರು ವರ್ಷದಲ್ಲಿ ಕದಲಲೇ ಇಲ್ಲ. ಇದು ಇಡೀ ದೇಶದ ಲೆಕ್ಕ, ಕೋಲಾರದ್ದಲ್ಲ; ಆದರೂ ಬೇಗ ಶುರುಮಾಡಿದರೆ ತಾನಾಗಿ ಬಂದುಬಿಡುತ್ತದೆ ಎಂಬ ನಂಬಿಕೆಯನ್ನು ಅಲ್ಲಾಡಿಸಲು ಸಾಕು. ಆ ನಂಬಿಕೆ ಬಂದದ್ದಾದರೂ ಎಲ್ಲಿಂದ? 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧಕರ ಸಮ್ಮೇಳನವೊಂದು ನಡೆಯಿತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಇಂಗ್ಲಿಷ್ ಮನೆಮಾತಾಗಿರುವವನೇ ಆದರ್ಶ ಶಿಕ್ಷಕ, ಬೇಗ ಶುರುಮಾಡಿದಷ್ಟೂ ಒಳ್ಳೆಯದು, ಹೆಚ್ಚು ಕಲಿಸಿದಷ್ಟೂ ಒಳ್ಳೆಯದು, ಬೇರೆ ಭಾಷೆ ಬಳಸಿದರೆ ಮಟ್ಟ ಇಳಿಯುತ್ತದೆ ಎಂಬ ಐದು ಸೂತ್ರಗಳು ಅಲ್ಲಿಂದಾಚೆ ಬಡ ದೇಶಗಳ ಶಾಲೆಗಳಲ್ಲೆಲ್ಲ ಹಬ್ಬಿದವು. ರಾಬರ್ಟ್ ಫಿಲಿಪ್ಸನ್ ಎಂಬ ವಿದ್ವಾಂಸ 1992ರಲ್ಲಿ ಈ ಐದನ್ನೂ ಒಂದೊಂದಾಗಿ ಎತ್ತಿಕೊಂಡು ಐದೂ ಭ್ರಮೆಗಳೆಂದು ವಾದಿಸಿದ. ಅವನ ರಾಜಕೀಯ ವಾದವನ್ನೆಲ್ಲ ಒಪ್ಪಬೇಕಿಲ್ಲ. ಆದರೆ ಮೊದಲನೆಯ ಮತ್ತು ಎರಡನೆಯ ಸೂತ್ರಗಳ ಬಗ್ಗೆ ಅವನು ಎತ್ತಿದ ಪ್ರಶ್ನೆಗೆ ಮುಳಬಾಗಿಲಿನಂಥ ತಾಲ್ಲೂಕಿನ ಯಾವ ಶಾಲೆಗೆ ಹೋದರೂ ಪುರಾವೆ ಸಿಗುತ್ತದೆ.

ನಮ್ಮಂಥ ದೇಶಗಳೇ ಮಾಡಿ ನೋಡಿದ ಪ್ರಯೋಗಗಳೂ ಇವೆ. ರುವಾಂಡ 2008ರಲ್ಲಿ ಫ್ರೆಂಚನ್ನು ಬದಿಗಿಟ್ಟು ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ತೀರ್ಮಾನಿಸಿತು. ಶಿಕ್ಷಕರಿಗೇ ಇಂಗ್ಲಿಷ್ ಬರುತ್ತಿರಲಿಲ್ಲ. 2011ರಲ್ಲಿ ಮೊದಲ ಮೂರು ತರಗತಿಗಳಿಗೆ ತಾಯ್ನುಡಿಯನ್ನು ಮರಳಿ ತಂದರು, 2019ರಲ್ಲಿ ಮತ್ತೆ ಇಂಗ್ಲಿಷಿಗೆ ಹೋದರು. ಮಲೇಷ್ಯಾ 2003ರಿಂದ ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸಿ, 2009ರಲ್ಲಿ ಕೈಬಿಡುವ ನಿರ್ಧಾರ ಮಾಡಿತು. ನಮ್ಮ ಪಕ್ಕದ ಆಂಧ್ರ 2019ರಲ್ಲಿ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತರಲು ಆದೇಶಿಸಿತು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. ಅದೇ ರಾಜ್ಯ ಬಳಿಕ ಅಚ್ಚು ಹಾಕಿಸಿದ ಪಠ್ಯಪುಸ್ತಕದಲ್ಲಿ ಒಂದು ಪುಟ ಇಂಗ್ಲಿಷ್, ಎದುರು ಪುಟ ತೆಲುಗು. ಕರ್ನಾಟಕವೂ 2019-20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದು, ಅದಕ್ಕೆ ದ್ವಿಭಾಷಾ ಪುಸ್ತಕಗಳನ್ನೇ ಕೊಟ್ಟಿತು. ರಾಜಕಾರಣದ ಮಾತು ಏನೇ ಇರಲಿ, ಪುಸ್ತಕ ಬರೆಯಲು ಕುಳಿತವರಿಗೆ ಎರಡು ಭಾಷೆ ಒಟ್ಟಿಗಿರದೆ ಕೆಲಸ ಸಾಗದು ಎಂದು ಗೊತ್ತಾಗಿತ್ತು.

ಇಲ್ಲಿಗೆ ಮೊದಲ ಆಕ್ಷೇಪಣೆ ಬರುತ್ತದೆ, ಅದು ಹಗುರವಾದದ್ದಲ್ಲ. ಬಡವರ ಮಕ್ಕಳಿಗೆ ಇಂಗ್ಲಿಷ್ ಬೇಡವೆಂದು ಹೇಳುತ್ತಿದ್ದೀರಾ, ನಿಮ್ಮ ಮಕ್ಕಳು ಮಾತ್ರ ಕಾನ್ವೆಂಟಿಗೆ ಹೋಗಬೇಕೇ ಎಂಬುದು ಆ ಪ್ರಶ್ನೆ. ದಲಿತ ಜನಸಂಖ್ಯೆ ಹೆಚ್ಚಿರುವ, ದಲಿತ ಚಳವಳಿ ಗಟ್ಟಿಯಾಗಿ ಬೇರೂರಿದ ಕೋಲಾರ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು ಇಲ್ಲಿನ ತಂದೆತಾಯಿಗಳಿಗಿದೆ. ಇಂಗ್ಲಿಷ್ ಬೇಕೇ ಬೇಡವೇ ಎಂಬ ಚರ್ಚೆಯನ್ನು ಅವರು ಎಂದೋ ಮುಗಿಸಿದ್ದಾರೆ. ಕೂಲಿ ದುಡ್ಡಿನಲ್ಲಿ ಖಾಸಗಿ ಶಾಲೆಯ ವ್ಯಾನಿನ ಬಾಡಿಗೆ ಕಟ್ಟುವವರಿಗೆ ಭಾಷಾಭಿಮಾನದ ಉಪದೇಶ ಮಾಡುವುದು ಸಭ್ಯತೆಯಲ್ಲ. ಹಾಗಾಗಿಯೇ ನನ್ನ ವಾದ. ಇಂಗ್ಲಿಷ್ ಬೇಕೇಬೇಕೆಂದಾದರೆ ಅದು ನಿಜವಾಗಿ ಬರುವ ದಾರಿಯಲ್ಲೇ ಕಲಿಸಬೇಕು. ಅರ್ಥವಾಗದ ಭಾಷೆಯಲ್ಲಿ ಅರ್ಥವಾಗದ ಪಾಠವನ್ನು ಉರು ಹೊಡೆಸಿ ಕಳಿಸುವ ಶಾಲೆ ತಂದೆತಾಯಿಗಳಿಂದ ದುಡ್ಡು ತೆಗೆದುಕೊಳ್ಳುತ್ತದೆಯೇ ಹೊರತು ಅವರು ಕೇಳಿದ್ದನ್ನು ಕೊಡುವುದಿಲ್ಲ. ಮನೆಮಾತಿನ ಬಲದ ಮೇಲೆ ಇಂಗ್ಲಿಷ್ ಕಲಿಸುವುದನ್ನೂ ಇಂಗ್ಲಿಷ್ ನಿರಾಕರಿಸುವುದನ್ನೂ ಒಂದೇ ಎಂದು ಎಣಿಸಬಾರದು.

ಎರಡನೆಯ ಆಕ್ಷೇಪಣೆ ಕನ್ನಡದ ಕಡೆಯಿಂದ. ಗಡಿ ತಾಲ್ಲೂಕಿನಲ್ಲಿ ಕನ್ನಡ ಮೊದಲೇ ಸೊರಗಿದೆ, ತರಗತಿಯೊಳಕ್ಕೆ ತೆಲುಗನ್ನೂ ಬಿಟ್ಟರೆ ಕನ್ನಡದ ಗತಿ ಏನು ಎನ್ನುತ್ತಾರೆ. ಈ ಸೀಮೆಯ ಚರಿತ್ರೆಯೇ ಇದಕ್ಕೆ ಉತ್ತರ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ಮದರಾಸಿನಲ್ಲಿ ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಬರೆದು ಜ್ಞಾನಪೀಠ ಪಡೆದದ್ದು ಕನ್ನಡದಲ್ಲಿ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಕಾಲೇಜಿನ ಮೆಟ್ಟಿಲು ಹತ್ತದೆ ಇಂಗ್ಲಿಷ್ ಪತ್ರಿಕೆಯ ಸಂಪಾದಕರಾದರು, ಕನ್ನಡಕ್ಕೆ ಕಗ್ಗ ಕೊಟ್ಟರು. ಇವರು ಓದಿನ ಪರಂಪರೆಯಿದ್ದ ಮನೆಗಳಿಂದ ಬಂದವರು, ಟೊಮೆಟೊ ತೋಟದ ಕೂಲಿಯ ಮಗಳಿಗೆ ಇವರ ಉದಾಹರಣೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂದು ಕೇಳಬಹುದು, ನ್ಯಾಯವಾದ ಪ್ರಶ್ನೆ. ಮೂರು ಭಾಷೆ ಒಂದು ತಲೆಯಲ್ಲಿ ಜಗಳವಾಡದೆ ಇರಬಲ್ಲವು ಎಂಬುದಕ್ಕಷ್ಟೇ ಅವರು ಸಾಕ್ಷಿ. ಮನೆಯಲ್ಲಿ ಓದಿಸುವವರಿಲ್ಲದ ಮಗುವಿಗೆ ಆ ಕೆಲಸವನ್ನು ಶಾಲೆ ಮಾಡಬೇಕು. ತೆಲುಗು ಹೆಚ್ಚಾಗಿ ಬಾಯಿಮಾತಿನಲ್ಲಿರಲಿ, ಬೋರ್ಡಿನ ಮೇಲೆ ಮುಖ್ಯವಾಗಿ ಕನ್ನಡವೂ ಇಂಗ್ಲಿಷೂ ಇರಲಿ. ತೆಲುಗಿನಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳಿ, ಅದನ್ನೇ ಇಂಗ್ಲಿಷಿನಲ್ಲಿ ಬರೆಯುವ ಮಗು ಕನ್ನಡಕ್ಕೆ ಹತ್ತಿರವೇ ಬಂದಿರುತ್ತದೆ. ಗದರಿಕೆಗೆ ಹೆದರಿ ಬಾಯಿ ಮುಚ್ಚಿಕೊಂಡ ಮಗು ಯಾವ ಭಾಷೆಗೂ ದಕ್ಕುವುದಿಲ್ಲ.

ಮೂರನೆಯದು ಶಿಕ್ಷಕರ ಒಳಗಿನಿಂದಲೇ ಬರುವ ಆಕ್ಷೇಪಣೆ. ಎಲ್ಲಕ್ಕೂ ಕನ್ನಡದಲ್ಲಿ ಅರ್ಥ ಹೇಳುತ್ತ ಹೋದರೆ ಮಕ್ಕಳು ಅದಕ್ಕೇ ಒಗ್ಗಿಹೋಗಿ ಇಂಗ್ಲಿಷ್ ಮಾತಾಡುವುದೇ ಇಲ್ಲವಲ್ಲ? ನಿಜ. ಮೇಷ್ಟ್ರು ಒಂದು ಸಾಲು ಓದುವುದು, ಅದರ ಅರ್ಥ ಹೇಳುವುದು, ಪ್ರಶ್ನೋತ್ತರವನ್ನು ಬೋರ್ಡಿನಿಂದ ನಕಲು ಮಾಡಿಸುವುದು, ಪರೀಕ್ಷೆಗೆ ಗೈಡು ಹಿಡಿಯುವುದು, ಈ ಪದ್ಧತಿ ನಮ್ಮಲ್ಲಿ ಎಷ್ಟೋ ವರ್ಷದಿಂದ ನಡೆದುಬಂದಿದೆ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿ ಇಂಗ್ಲಿಷಿಗಿರುವ 100 ಅಂಕಗಳಲ್ಲಿ ಪಾಸಾಗುವಷ್ಟನ್ನು ಅದು ಗಿಟ್ಟಿಸಿಕೊಡಬಹುದು, ಭಾಷೆ ಕೊಡುವುದಿಲ್ಲ. ನಾನು ಹೇಳುವ ದಾರಿ ಅದಲ್ಲ. ವಿಷಯವನ್ನು, ಸೂಚನೆಯನ್ನು, ಕಷ್ಟದ ಕಲ್ಪನೆಯನ್ನು ಮಗುವಿನ ಮಾತಿನಲ್ಲಿ ತಿಳಿಸಿ, ಅಭ್ಯಾಸ ಇಂಗ್ಲಿಷಿನಲ್ಲಾಗಲಿ. ವಾಕ್ಯ ಕಟ್ಟುವ ಶ್ರಮ ಮಗುವಿನದಾಗಿರಬೇಕು, ಮೇಷ್ಟ್ರದಲ್ಲ. ಜೂನ್‌ನಲ್ಲಿ ಅರ್ಧಕ್ಕರ್ಧ ತೆಲುಗು, ಕನ್ನಡ ಇದ್ದ ತರಗತಿ ಡಿಸೆಂಬರ್ ಹೊತ್ತಿಗೆ ಬಹುಪಾಲು ಇಂಗ್ಲಿಷಿಗೆ ತಿರುಗಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಅಭ್ಯಾಸ ಹೇಗಿರಬೇಕು ಎಂಬುದಕ್ಕೆ ಹೊರದೇಶದ ಪುಸ್ತಕ ಹುಡುಕಬೇಕಾಗಿಲ್ಲ. ಇಂದು ಜಗತ್ತಿನಾದ್ಯಂತ ಇಂಗ್ಲಿಷ್ ಬೋಧನೆಯ ತರಬೇತಿಗಳಲ್ಲಿ ಹೇಳಿಕೊಡುವ ‘ಟಾಸ್ಕ್’ ವಿಧಾನದ ತವರುಗಳಲ್ಲಿ ಬೆಂಗಳೂರೂ ಒಂದು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಬ್ರಿಟಿಷ್ ಕೌನ್ಸಿಲ್ ನೆರವಿನಿಂದ ಬೆಂಗಳೂರು, ಮದರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಅದಕ್ಕೆ ಹೆಸರಾಯಿತು, ಅದರ ಕುರಿತ ಅವರ ಪುಸ್ತಕ 1987ರಲ್ಲಿ ಬಂತು. ವ್ಯಾಕರಣದ ಪಾಠವನ್ನು ಬದಿಗಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆಗಳಂಥದ್ದನ್ನು ಬೋರ್ಡಿನ ಮೇಲೆ ಬರೆದು, ಅದರ ಬಗ್ಗೆ ಒಂದು ಲೆಕ್ಕವನ್ನು ಮೇಷ್ಟ್ರು ಮಕ್ಕಳ ಜೊತೆ ಸೇರಿ ಗಟ್ಟಿಯಾಗಿ ಬಿಡಿಸುವುದು, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು, ಇಷ್ಟೇ ವಿಧಾನ. ತರಗತಿ ತುಂಬ ಮಕ್ಕಳು, ಸಾಮಗ್ರಿ ಎಂದರೆ ಸೀಮೆಸುಣ್ಣ. ಮನೆಮಾತಿನ ಪರ ವಾದಿಸಲು ನಡೆಸಿದ ಪ್ರಯೋಗ ಅದಲ್ಲ. ಆದರೆ ಮಗುವಿನ ಬಾಯಲ್ಲಿ ಮನೆಮಾತು ಬಂದರೆ ಅದನ್ನು ಅಪರಾಧವೆಂದೂ ಅದು ಎಣಿಸಲಿಲ್ಲ. ಮನಸ್ಸು ಅರ್ಥದ ಮೇಲೆ ನೆಟ್ಟಾಗ ಭಾಷೆ ಹಿಂದಿನಿಂದ ಬರುತ್ತದೆ ಎಂಬ ಅದರ ತತ್ವ ಹಳ್ಳಿ ಶಾಲೆಗೆ ಹೇಳಿ ಮಾಡಿಸಿದಂತಿದೆ.

ಕೋಲಾರದ ಹಳ್ಳಿಯಲ್ಲಿ ರೈಲಿನ ವೇಳಾಪಟ್ಟಿಗಿಂತ ಹತ್ತಿರದ್ದು ಹಾಲಿನ ಡೈರಿಯ ಚೀಟಿ. ಬೆಳಿಗ್ಗೆ, ಸಂಜೆ ಹಾಲು ಹಾಕಿದ ಮೇಲೆ ಎಷ್ಟೋ ಸಂಘಗಳಲ್ಲಿ ಯಂತ್ರದಿಂದ ಒಂದು ಚೀಟಿ ಬರುತ್ತದೆ: ತಾರೀಕು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ರೇಟ್, ಅಮೌಂಟ್. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದಿದ್ದರೂ ಈ ಆರು ಪದಗಳು ಎಲ್ಲರಿಗೂ ಗೊತ್ತು, ಏಕೆಂದರೆ ವಾರದ ಬಟವಾಡೆ ಅವುಗಳ ಮೇಲೆ ನಿಂತಿದೆ. ಆರನೇ ತರಗತಿಗೆ ಇಂಥ ಎರಡು ಚೀಟಿಗಳನ್ನು ಬೋರ್ಡಿನ ಮೇಲೆ ಬರೆಯಿರಿ. ನಿಜವಾದ ಮನೆಯ ಹೆಸರು ಬೇಡ, ಸೀತಮ್ಮ, ಗೌರಮ್ಮ ಎಂದು ಇಟ್ಟುಕೊಳ್ಳಿ. ‘ಹೂ ಗೇವ್ ಮೋರ್ ಮಿಲ್ಕ್?’ ಎಂದರೆ ಹೆಸರೊಂದು ಬಂದರೆ ಸಾಕು. ‘ಹೂ ಗಾಟ್ ಮೋರ್ ಮನಿ?’ ಎಂದಾಗ ತರಗತಿಯಲ್ಲಿ ಗುಸುಗುಸು ಶುರುವಾಗುತ್ತದೆ, ಏಕೆಂದರೆ ಹೆಚ್ಚು ಹಾಲು ಹಾಕಿದ ಸೀತಮ್ಮನಿಗೆ ಕಡಿಮೆ ದುಡ್ಡು ಬಂದಿದೆ. ‘ವೈ?’ ಯಾರೋ ಒಬ್ಬ ‘ಫ್ಯಾಟ್ ಲೋ’ ಎನ್ನುತ್ತಾನೆ. ತಿದ್ದಬೇಡಿ, ‘ಎಸ್, ದ ಫ್ಯಾಟ್ ಈಸ್ ಲೋ’ ಎಂದು ಪೂರ್ತಿ ವಾಕ್ಯವಾಗಿ ಹಿಂದಿರುಗಿಸಿ. ಹಿಂದಿನ ಬೆಂಚಿನಿಂದ ‘ನೀಳ್ಳು ಕಲಿಪಿನಾರು ಸಾರ್’ ಎಂದು ತೆಲುಗಿನಲ್ಲಿ ಬಂತೆನ್ನಿ. ಇಂಗ್ಲಿಷ್ ಮಾತ್ರ ಎನ್ನುವ ತರಗತಿಯಲ್ಲಿ ಆ ಹುಡುಗನಿಗೆ ಬೈಗುಳ. ತೆಲುಗು ಬಲ್ಲ ಶಿಕ್ಷಕಿಗೆ ಅದು ಅಂದಿನ ಪಾಠದ ಅತ್ಯುತ್ತಮ ಉತ್ತರ: ‘ನೀರು ಬೆರೆಸಿದ್ದಾರಾ? ದೇ ಮಿಕ್ಸ್ಡ್ ವಾಟರ್!’ ಮಕ್ಕಳು ನಗುತ್ತಾರೆ, ಮೂರು ಭಾಷೆಗಳಲ್ಲಿ ಒಂದೇ ಮಾತು ಬೋರ್ಡಿಗೆ ಬರುತ್ತದೆ, ಭೂತಕಾಲದ ಕ್ರಿಯಾಪದವೊಂದು ನಿಯಮ ಹೇಳದೆಯೇ ತಲೆಗೆ ಹತ್ತುತ್ತದೆ. ಹಾಲಿನ ಕೊಬ್ಬು ಇಳಿಯಲು ಮೇವು, ತಳಿ ಇತ್ಯಾದಿ ಬೇರೆ ಕಾರಣಗಳೂ ಇವೆ ಎಂಬುದನ್ನು ಮರುದಿನದ ಪಾಠಕ್ಕೆ ಇಟ್ಟುಕೊಳ್ಳಬಹುದು. ಸೀತಮ್ಮನ ಮಾನವೂ ಉಳಿಯುತ್ತದೆ.

ಸಣ್ಣ ತರಗತಿಗಳಿಗೆ ಬಿಸಿಯೂಟದ ಹೊತ್ತೇ ಪಾಠ. ಮೊಟ್ಟೆಯೋ ಬಾಳೆಹಣ್ಣೋ ಎಂದು ಮಕ್ಕಳನ್ನು ಕೇಳುವ ದಿನಗಳಲ್ಲಿ, ಆ ಪ್ರಶ್ನೆಯನ್ನು ಮಗುವೊಂದು ಇನ್ನೊಂದನ್ನು ಕೇಳಿ ಪಟ್ಟಿ ಬರೆದುಕೊಳ್ಳಲಿ: ‘ಎಗ್ ಆರ್ ಬನಾನಾ?’ ಉತ್ತರದಲ್ಲಿ ನಿಜವಾದ ಲಾಭವಿರುವ ಪ್ರಶ್ನೆ ಅದು. ‘ಯೆಗ್ಗು’ ಎಂದರೆ ಅನ್ನಲಿ. ಕನ್ನಡ, ತೆಲುಗುಗಳಲ್ಲಿ ಪದಗಳು ಸ್ವರದಲ್ಲಿ ಕೊನೆಯಾಗುವುದರಿಂದ ಬಸ್ಸು, ಬಾಕ್ಸು, ಪ್ಯಾನು ಎನ್ನುವುದು ಇಲ್ಲಿ ಸಹಜ. ಮೊದಲ ವರ್ಷದಲ್ಲಿ ಅದನ್ನು ತಿದ್ದಲು ಹೋದರೆ ಮಗು ಮಾತನ್ನೇ ನಿಲ್ಲಿಸುತ್ತದೆ. ಒಂದರಿಂದ ಮೂರನೇ ತರಗತಿಯವರು ‘ನಲಿ-ಕಲಿ’ ಎಂಬ ಚಟುವಟಿಕೆಯ ಪದ್ಧತಿಯಲ್ಲಿ ಒಟ್ಟಿಗೆ ಕೂರುತ್ತಾರೆ. ಕಲಿಕಾ ಏಣಿ, ಮೈಲಿಗಲ್ಲು, ತಟ್ಟೆ, ಕಾರ್ಡು ಎಂದು ಅದಕ್ಕೊಂದು ವ್ಯವಸ್ಥೆಯಿದೆ. ಹೊರಗಿನಿಂದ ಬಂದವರು ಅದನ್ನು ಕದಡದೆ ಒಂದು ತಟ್ಟೆಯ ಮಕ್ಕಳ ಜೊತೆ ಕೂರುವುದು ಲೇಸು.

ವಾಕ್ಯ ರಚನೆಯ ಬಗ್ಗೆ ಒಂದು ಮಾತು, ಏಕೆಂದರೆ ಹೆಚ್ಚಿನ ತಪ್ಪುಗಳು ಹುಟ್ಟುವುದು ಅಲ್ಲಿ. ‘ನೇನು ಮಾಮಿಡಿ ಪಂಡು ತಿನ್ನಾನು’, ‘ನಾನು ಮಾವಿನ ಹಣ್ಣು ತಿಂದೆ’, ಎರಡರಲ್ಲೂ ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ: ‘ಐ ಏಟ್ ಎ ಮ್ಯಾಂಗೋ’. ಮೂರನ್ನೂ ಒಂದರ ಕೆಳಗೊಂದು ಬರೆದು, ತಿಂದದ್ದು ಯಾವ ಜಾಗಕ್ಕೆ ಹೋಯಿತೆಂದು ಮಕ್ಕಳಿಂದಲೇ ಗುರುತು ಹಾಕಿಸಿ. ತೆಲುಗು ಕನ್ನಡಗಳ ಜಾಡು ಒಂದೇ ಆದ್ದರಿಂದ ಒಂದು ಹೋಲಿಕೆ ಎರಡಕ್ಕೂ ಸಲ್ಲುತ್ತದೆ. ಹಣ್ಣಿನ ಹೆಸರಿಗೆ ಮೊದಲು ಬರುವ ‘ಎ’ ನಮ್ಮ ಎರಡೂ ಭಾಷೆಗಳಲ್ಲಿಲ್ಲ. ಅದು ನಿಧಾನವಾಗಿ ಬರುತ್ತದೆ, ಬರಲಿ. ಇದನ್ನು ಐದು ನಿಮಿಷದಲ್ಲಿ ತೋರಿಸಲು ಸಾಧ್ಯವಾಗುವುದು ಮೂರೂ ಭಾಷೆ ಬಲ್ಲವರಿಗೆ. ಲಂಡನ್ನಿನಿಂದ ಬಂದವರು ಈ ತಪ್ಪನ್ನು ನೂರು ಸಲ ತಿದ್ದಬಹುದು, ಮಗು ಏಕೆ ಹಾಗೆ ಹೇಳಿತೆಂದು ಅವರಿಗೆ ಗೊತ್ತಾಗುವುದಿಲ್ಲ.

ಹಾಗಾದರೆ ಇಂಗ್ಲಿಷ್ ಮನೆಮಾತಾಗಿರುವವರಿಂದ ಏನೂ ಪ್ರಯೋಜನವಿಲ್ಲವೇ? ಇದೆ, ಆದರೆ ಅವರು ಎಣಿಸಿದ ಜಾಗದಲ್ಲಲ್ಲ. ಕಿವಿಗೆ ಬೀಳುವ ಉಚ್ಚಾರಣೆಗೆ ಪಠ್ಯಪುಸ್ತಕದ ಕ್ಯುಆರ್ ಕೋಡಿನ ಹಿಂದೆ ಸಿಗುವ ಧ್ವನಿಪಾಠಗಳಿವೆ. ಆಕಾಶವಾಣಿಯ ‘ಕೇಳಿ-ಕಲಿ’ಯಂಥ ಕಾರ್ಯಕ್ರಮಗಳು ಇದನ್ನು ಎಂದೋ ಮಾಡಿ ತೋರಿಸಿವೆ. ಹೊರಗಿನವರು ಹೆಚ್ಚು ಉಪಯೋಗಕ್ಕೆ ಬರುವುದು ಸ್ಥಳೀಯ ಶಿಕ್ಷಕರಿಗೆ. ಇಂಗ್ಲಿಷ್ ಪಾಠ ಮಾಡಬೇಕಾದ, ಆದರೆ ಇಂಗ್ಲಿಷ್ ಮಾತಾಡಲು ಸಂಕೋಚಪಡುವ ಶಿಕ್ಷಕಿಯರ ಜೊತೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂತು ಮಾತಾಡಿ, ನಾಳಿನ ಪಾಠವನ್ನು ಒಟ್ಟಿಗೆ ಓದಿ. ನೀವು ಹೋದ ಮೇಲೂ ಅವರು ಅಲ್ಲೇ ಇರುತ್ತಾರೆ.

ಇನ್ನು ಕಾಗದಪತ್ರದ ವಿಷಯ. ವಿದೇಶಿಯರಿಗೆ ಇ-ಟೂರಿಸ್ಟ್ ವೀಸಾದಲ್ಲಿ ಗರಿಷ್ಠ ಒಂದು ತಿಂಗಳು, ಯಾವ ಪ್ರತಿಫಲವೂ ಇಲ್ಲದೆ ಸ್ವಯಂಸೇವೆ ಮಾಡಲು ಅವಕಾಶವಿದೆ. ಅದಕ್ಕಿಂತ ಹೆಚ್ಚು ಕಾಲಕ್ಕೆ ಬೇರೆ ವೀಸಾ ಬೇಕು. ಉದ್ಯೋಗ ವೀಸಾದ ಕನಿಷ್ಠ ಸಂಬಳದ ಷರತ್ತಿನಿಂದ ಭಾಷಾ ಶಿಕ್ಷಕರಿಗೆ ವಿನಾಯಿತಿ ಕೊಟ್ಟ ಭಾರತ ಸರ್ಕಾರ, ಇಂಗ್ಲಿಷ್ ಶಿಕ್ಷಕರನ್ನು ಮಾತ್ರ ಆ ವಿನಾಯಿತಿಯಿಂದ ಹೊರಗಿಟ್ಟಿದೆ. ಇಂಗ್ಲಿಷ್ ಕಲಿಸುವವರು ನಮ್ಮಲ್ಲೇ ಇದ್ದಾರೆ ಎಂದು ವೀಸಾ ನಿಯಮ ಬರೆದವರಿಗೆ ಗೊತ್ತಿತ್ತೆನ್ನಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಸರ್ಕಾರದ ವೀಸಾ ಜಾಲತಾಣ ನೋಡಿಕೊಳ್ಳಿ. ಬೆಂಗಳೂರಿನಿಂದ ಬರುವವರಿಗೆ ವೀಸಾ ಬೇಡ, ಅನುಮತಿ ಬೇಕು. ಮೊದಲು ಮುಖ್ಯಶಿಕ್ಷಕರನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನೂ ಕಾಣಿ, ಅವರ ಮೂಲಕ ಮುಳಬಾಗಿಲಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಪರಿಚಯವಾದರೆ ಯಾವ ಶಾಲೆಗೆ ನಿಜಕ್ಕೂ ಜನ ಬೇಕೆಂದು ಅವರೇ ಹೇಳುತ್ತಾರೆ. ರಸ್ತೆ ಬದಿಯ, ಕಾರು ಹೋಗುವ ಶಾಲೆಗೆ ಎಲ್ಲರೂ ಹೋಗುತ್ತಾರೆ. ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ಬೇಸರಪಡಬೇಡಿ, ಕೇಳದಿದ್ದರೂ ಕೊಡಿ. ಮಗುವಿನೊಂದಿಗೆ ಒಬ್ಬರೇ ಕೋಣೆಯಲ್ಲಿರಬೇಡಿ. ಮಕ್ಕಳ ಫೋಟೊ ನಿಮ್ಮ ಸ್ಟೇಟಸ್ಸಿಗೆ ಸಾಮಗ್ರಿಯಲ್ಲ. ಚಾಕೊಲೇಟ್ ಹಂಚುವುದನ್ನು ಮೊದಲ ದಿನ ಶುರುಮಾಡಿದರೆ ಅದೇ ನಿಮ್ಮ ಪಾಠವಾಗಿ ಉಳಿಯುತ್ತದೆ.

ಯಾವಾಗ ಬರಬೇಕು? ಶಾಲೆ ಮೇ ಕೊನೆಗೆ ಇಲ್ಲವೇ ಜೂನ್ ಮೊದಲಿಗೆ ತೆರೆಯುತ್ತದೆ. ಶ್ರೀನಿವಾಸಪುರದ ಕಡೆ ಆಗಿನ್ನೂ ಮಾವಿನ ಸುಗ್ಗಿ, ದೊಡ್ಡ ಮಕ್ಕಳು ತೋಟದಲ್ಲಿರಬಹುದು. ಜೂನ್ ನಡುವಿನಿಂದ ದಸರಾ ರಜೆಯವರೆಗೆ ಒಳ್ಳೆಯ ಕಾಲ, ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆಯ ಗಡಿಬಿಡಿ. ವಾರಾಂತ್ಯದವರಿಗೆ ಶನಿವಾರದ ಬೆಳಗಿನ ಶಾಲೆಯಿದೆ, ತಿಂಗಳಿಗೊಮ್ಮೆ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಹಾಡು, ನಾಟಕಕ್ಕೆ ಹೇಳಿ ಮಾಡಿಸಿದ ದಿನ. ಕೋಲಾರದ ತೇರಹಳ್ಳಿ ಬೆಟ್ಟದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ರಂಗಭೂಮಿಯ ಕೆಲಸ ಹತ್ತಿರದಲ್ಲೇ ಇದೆ; ಮಕ್ಕಳ ಗಂಟಲು ಬಿಡಿಸುವುದು ಹೇಗೆಂದು ಭಾಷಾ ಶಿಕ್ಷಕರು ರಂಗಕರ್ಮಿಗಳಿಂದ ಕಲಿಯಬೇಕು. ಒಂದು ವರ್ಷ ತಪ್ಪದೆ ಬರುವ ಶನಿವಾರಗಳು, ಒಮ್ಮೆ ಬಂದು ಹೋಗುವ ಪೂರ್ತಿ ತಿಂಗಳಿಗಿಂತ ಮೇಲು. ಬರುವ ಮೊದಲೇ ನಾಲ್ಕು ತೆಲುಗು ಮಾತು ಕಲಿತಿರಿ: ‘ನೀ ಪೇರೇಮಿ?’, ‘ಅರ್ಥಮಯ್ಯಿಂದಾ?’, ‘ಇಂಕೊಕ ಸಾರಿ ಚೆಪ್ಪು’, ‘ಭಯಪಡೊದ್ದು’ (ನಿನ್ನ ಹೆಸರೇನು, ಅರ್ಥವಾಯಿತೇ, ಇನ್ನೊಮ್ಮೆ ಹೇಳು, ಹೆದರಬೇಡ). ನಿಮ್ಮ ತೆಲುಗನ್ನು ಕೇಳಿ ಮಕ್ಕಳು ನಕ್ಕರೆ ಒಳ್ಳೆಯದೇ. ತಪ್ಪು ಮಾತಾಡಿಯೂ ಬದುಕಬಹುದೆಂದು ಅವರಿಗೂ ಗೊತ್ತಾಗುತ್ತದೆ.

ಸರ್ಟಿಫಿಕೇಟುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 120 ಗಂಟೆಯ ಆನ್‌ಲೈನ್ ಟೆಫ್ಲ್ ಪ್ರಮಾಣಪತ್ರ ಸರ್ಕಾರಿ ಶಾಲೆಯ ನೇಮಕಾತಿಗೆ ಲೆಕ್ಕಕ್ಕಿಲ್ಲ, ಅಲ್ಲಿ ಡಿ.ಇಎಲ್.ಇಡಿ., ಬಿ.ಇಡಿ., ಟಿಇಟಿ ಬೇಕು. ಕೆಲಸದಲ್ಲಿರುವ ಶಿಕ್ಷಕರಿಗೆ 1963ರಲ್ಲಿ ಸ್ಥಾಪನೆಯಾದ, ಈಗ ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗಳಿವೆ. ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಆಸೆಯಿರುವ ಕೋಲಾರದ ಪದವೀಧರರಿಗೂ ಇದೇ ಸೀಮೆ ಒಳ್ಳೆಯ ತರಬೇತಿ. ಇಥಿಯೋಪಿಯಾ, ಭೂತಾನ್, ಮಾಲ್ಡೀವ್ಸ್‌ಗಳ ಶಾಲೆಗಳಲ್ಲಿ ಭಾರತೀಯ ಶಿಕ್ಷಕರು ದಶಕಗಳಿಂದ ದುಡಿದಿದ್ದಾರೆ. ಅಲ್ಲಿ ನಿಮಗೆ ಅಮ್ಹಾರಿಕ್, ಧಿವೇಹಿ ಬಾರದು, ಮುಳಬಾಗಿಲಿಗೆ ಬಂದ ವಿದೇಶಿಯ ಪಾಡೇ ನಿಮ್ಮದಾಗುತ್ತದೆ. ಮಗುವಿನ ಭಾಷೆ ಗೊತ್ತಿದ್ದಾಗ ಏನೆಲ್ಲ ಸಾಧ್ಯವೆಂದು ಮೊದಲು ನೋಡಿದವರು, ಗೊತ್ತಿಲ್ಲದಾಗ ಸ್ಥಳೀಯ ಶಿಕ್ಷಕರ ನೆರವು ಕೇಳಲು ಹಿಂಜರಿಯುವುದಿಲ್ಲ. ಹೋಗುವವರು ಏಜೆಂಟು ಸರ್ಕಾರದಲ್ಲಿ ನೋಂದಾಯಿತನೇ ಎಂದು ಇ-ಮೈಗ್ರೇಟ್ ತಾಣದಲ್ಲಿ ನೋಡದೆ ದುಡ್ಡು ಕೊಡಬೇಡಿ. ನೀವೇ ಶುಲ್ಕ ಕಟ್ಟಿ ‘ಪಾಠ ಮಾಡುವ’ ಪ್ರವಾಸಗಳಿಂದಲೂ ದೂರವಿರಿ.

ಕೊನೆಯದಾಗಿ ಮುಳಬಾಗಿಲು, ಶ್ರೀನಿವಾಸಪುರದ ಪದವೀಧರರಿಗೆ. ನಿಮ್ಮ ಇಂಗ್ಲಿಷ್ ಬೆಂಗಳೂರಿನವರಷ್ಟು ಸರಾಗವಲ್ಲವೆಂಬ ಅಂಜಿಕೆ ಬಿಡಿ. ಮನೆಯಲ್ಲಿ ತೆಲುಗು ಆಡುತ್ತ, ಶಾಲೆಯಲ್ಲಿ ಕನ್ನಡ ಓದುತ್ತ, ಕಷ್ಟಪಟ್ಟು ಇಂಗ್ಲಿಷಿಗೆ ಹತ್ತಿದವರು ನೀವು. ಈ ಮಕ್ಕಳು ಎಲ್ಲಿ ಎಡವುತ್ತಾರೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವುದು ಶೈಕ್ಷಣಿಕ ವರ್ಷದ ಆರಂಭದಲ್ಲಿ, ಶಾಲೆಯ ಮುಖ್ಯಶಿಕ್ಷಕರ ಮೂಲಕ. ಗೌರವಧನ ಕಡಿಮೆ, ಅದೂ ತಡವಾಗಿ ಬರುತ್ತದೆಂಬ ದೂರು ಸುಳ್ಳಲ್ಲ. ಊರಿಗೆ ನೆರವಾಗಬೇಕೆನ್ನುವ ದಾನಿಗಳು, ಕಂಪನಿಗಳು ಬಣ್ಣ ಬಳಿಯುವುದಕ್ಕೂ ಬ್ಯಾಗು ಹಂಚುವುದಕ್ಕೂ ಇಡುವ ದುಡ್ಡಿನಲ್ಲಿ ಎಸ್‌ಡಿಎಂಸಿ ಮೂಲಕ ಇಂಥ ಒಬ್ಬ ಶಿಕ್ಷಕಿಯ ಸಂಬಳಕ್ಕೆ ಹೆಗಲು ಕೊಟ್ಟರೆ ಅದಕ್ಕಿಂತ ದೊಡ್ಡ ಕೆಲಸವಿಲ್ಲ. ಮೇ ಕೊನೆಯ ವಾರದೊಳಗೆ ನಿಮ್ಮ ಅಂಕಪಟ್ಟಿಗಳ ನಕಲು ಹಿಡಿದು ಹತ್ತಿರದ ಶಾಲೆಗೆ ಹೋಗಿ, ಇಂಗ್ಲಿಷಿಗೆ ಜಾಗ ಖಾಲಿ ಇದೆಯೇ ಎಂದು ಕೇಳಿ.